ಸ್ವರ್ಗೀಯರ ಹೆಸರಿನ ಹನ್ನೊಂದು ಕಂಪ್ಯೂಟರು

"ಫಾಹಿಮಾ, ಇದು ನಿಮ್ಮಿಂದ ಆಗುವ ಕೆಲಸ ಅಲ್ಲ. ಸುಮ್ಮನೆ ಆಫೀಸಿಗೆ ಬಂದು ಕೂತುಕೊಳ್ಳಿ," ಎಂದರು ನಮ್ಮ ಕಾರ್ಯದರ್ಶಿ ಸುಧಾಕರ ಸರ್. ನನಗೆ ಮೈಯೆಲ್ಲ ಉರಿದುಹೋಯಿತು. ಸಿದ್ಧಕಟ್ಟೆಯ ಈ ತರಬೇತಿ ಕೇಂದ್ರದ ಕಂಪ್ಯೂಟರ್ ಲ್ಯಾಬನ್ನು ಐದು ವರ್ಷದಿಂದ ನೋಡಿಕೊಂಡವಳು ನಾನು. ಇಲಿ ವಯರು ಕಡಿದಾಗ ಮೇಜಿನಡಿಗೆ ನುಗ್ಗಿದವಳು ನಾನು. ಆಗೆಲ್ಲ ನನ್ನಿಂದ ಆದದ್ದು ಈಗ ಏಕೆ ಆಗುವುದಿಲ್ಲವೋ!

ವಿಷಯ ಇಷ್ಟೇ. ಸೋಮವಾರ ಆನ್‌ಲೈನ್ ಪರೀಕ್ಷೆ ಇತ್ತು. ಅಷ್ಟರೊಳಗೆ ಮೂವತ್ತು ಕಂಪ್ಯೂಟರುಗಳಿಗೂ ಪರೀಕ್ಷೆಯ ಸಾಫ್ಟ್‌ವೇರ್ ಹಾಕಬೇಕಿತ್ತು. ಸುಧಾಕರ ಸರ್ ನನ್ನನ್ನು ಒಂದು ಮಾತೂ ಕೇಳದೆ ಮಂಗಳೂರಿನ ಒಂದು ಕಂಪನಿಯವರನ್ನು ಕರೆಸಿದ್ದರು. ಆ ದಿನ ಶನಿವಾರ, ಸಂಜೆ ನಾಲ್ಕು ಗಂಟೆಗೆ ಸಮಿತಿಯ ಸಭೆ. ಲ್ಯಾಬನ್ನು ಆ ಕಂಪನಿಗೆ ಒಪ್ಪಿಸಿ, ನನ್ನನ್ನು ಆಫೀಸಿನ ಹಾಜರಿ ಪುಸ್ತಕದ ಮುಂದೆ ಕೂರಿಸುವ ನಿರ್ಣಯ ಅಲ್ಲಿ ಆಗುವುದಿತ್ತು.

"ನಾಲ್ಕು ಗಂಟೆಯೊಳಗೆ ಮೂವತ್ತನ್ನೂ ನಾನೊಬ್ಬಳೇ ಮುಗಿಸ್ತೇನೆ," ಎಂದೆ. "ಆಗದಿದ್ದರೆ ನಾನಾಗಿಯೇ ಲ್ಯಾಬ್ ಬಿಡ್ತೇನೆ. ಆಯ್ತಲ್ಲ?"

ಕಂಪನಿಯಿಂದ ಬಂದಿದ್ದ ಶೋಧನ್ ನಕ್ಕ. "ಮೇಡಂ, ಲಾಯಿಲದ ಕೇಂದ್ರದಲ್ಲಿಯೂ ಇಷ್ಟೇ ಮೆಷಿನ್ ಇದ್ದದ್ದು. ನಾವು ಮೂರು ಜನ ಕೂತು ಎರಡು ದಿನ ಹಿಡಿಯಿತು."

"ನೀವು ಕೂತದ್ದಕ್ಕೇ ಅಷ್ಟು ಹಿಡಿದದ್ದು ಮಾರಾಯ್ರೆ," ಎಂದೆ.

ಅವರು ಕೈಯಲ್ಲಿ ಮಾಡುವ ಕ್ರಮ ನನಗೆ ಗೊತ್ತು. ಪ್ರತಿಯೊಂದು ಕಂಪ್ಯೂಟರಿನ ಮುಂದೆ ಕೂರಬೇಕು, ಹದಿನಾಲ್ಕು ಸಲ 'ನೆಕ್ಸ್ಟ್' ಒತ್ತಬೇಕು, ಸರ್ವರಿನ ವಿಳಾಸ ಟೈಪ್ ಮಾಡಬೇಕು, ಆಮೇಲೆ ಪರೀಕ್ಷೆಯ ಸೆಟ್ಟಿಂಗ್ ಫೈಲನ್ನು ಸರಿಯಾದ ಫೋಲ್ಡರಿಗೆ ಹಾಕಬೇಕು. ನಾನು ಹಿಂದಿನ ದಿನವೇ ಒಂದು ಬ್ಯಾಚ್ ಫೈಲ್ ಬರೆದಿಟ್ಟಿದ್ದೆ. ಮಾಡಬೇಕಾದದ್ದನ್ನೆಲ್ಲ ಸಾಲಾಗಿ ಬರೆದಿಟ್ಟ ಪಟ್ಟಿ ಅದು. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಸಾಕು, ಕಂಪ್ಯೂಟರು ಪಟ್ಟಿ ಓದಿಕೊಂಡು ತನ್ನ ಕೆಲಸ ತಾನೇ ಮುಗಿಸುತ್ತದೆ. ನೆಕ್ಸ್ಟ್ ಒತ್ತಲು ಆಳು ಬೇಡ.

ಹತ್ತು ಗಂಟೆಗೆ ಶುರು ಮಾಡಿದೆ. ಒಂದರಲ್ಲಿ ಓಡಿಸಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲಿನದು ಮುಗಿಯುತ್ತಿತ್ತು. ಹನ್ನೊಂದೂವರೆಗೆ ಹತ್ತೊಂಬತ್ತು ಮುಗಿದವು. ಶೋಧನನ ನಗು ಎಲ್ಲಿಗೋ ಹೋಗಿತ್ತು.

ಇಪ್ಪತ್ತನೆಯದರಲ್ಲಿ ನಿಂತಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ: ಹೇಳಿದ ಫೋಲ್ಡರ್ ಇಲ್ಲಿ ಇಲ್ಲ. ಇಪ್ಪತ್ತೊಂದು, ಇಪ್ಪತ್ತೆರಡು, ಅಲ್ಲಿಂದ ಮೂವತ್ತರವರೆಗೂ ಅದೇ ರಾಗ.

"ನಾನು ಮೊದಲೇ ಹೇಳಲಿಲ್ಲವಾ?" ಎಂದರು ಬಾಗಿಲಲ್ಲಿ ನಿಂತ ಸುಧಾಕರ ಸರ್. "ಇದೆಲ್ಲ ಕಲಿತವರು ಮಾಡಬೇಕಾದದ್ದು."

"ಗಂಟೆ ನಾಲ್ಕಾಯಿತಾ ಸರ್? ಇಲ್ಲವಲ್ಲ," ಎಂದೆ. ಹೊರಗೆ ಹಾಗೆ ಹೇಳಿದರೂ ಒಳಗೊಳಗೆ ಹೆದರಿಕೆಯಾಗಿತ್ತು. ಯಾ ಅಲ್ಲಾಹ್, ಇಷ್ಟು ಜನರ ಮುಂದೆ ನನ್ನ ಮರ್ಯಾದೆ ತೆಗೆಯಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಇಪ್ಪತ್ತನೆಯದರ ಪರದೆ ನೋಡಿದೆ. ಮೇಲೆಯೇ ಬರೆದಿತ್ತು: ಸ್ವರ್ಗೀಯ ನೋಣಯ್ಯ ಸ್ಮರಣಾರ್ಥ. ತಲೆಗೆ ಹೊಡೆದುಕೊಂಡೆ.

ನಮ್ಮಲ್ಲಿ ಯಾರು ಏನು ಕೊಟ್ಟರೂ ಅದರ ಮೇಲೆ ತೀರಿಹೋದವರ ಹೆಸರು ಇರಲೇಬೇಕು. ಬೆಂಚಿನ ಬೆನ್ನಿಗೆ ಹೆಸರು, ಫ್ಯಾನಿನ ರೆಕ್ಕೆಗೂ ಹೆಸರು. ಕಡೆಯ ಹನ್ನೊಂದು ಕಂಪ್ಯೂಟರುಗಳು ಕುವೈತಿನಲ್ಲಿ, ಮುಂಬೈಯಲ್ಲಿ ಇರುವ ನಮ್ಮೂರಿನವರು ದಾನ ಕೊಟ್ಟವು. ಬರೀ ಸ್ಟಿಕ್ಕರ್ ಸಾಲದು, ಕಂಪ್ಯೂಟರು ತೆರೆಯುವಾಗ ನಮ್ಮ ಹಿರಿಯರ ಹೆಸರು ಬರಬೇಕು ಎಂದು ಅವರು ಹಟ ಹಿಡಿದಿದ್ದರು. ಹಾಗೆ ಒಂದರ ಬಳಕೆದಾರರು ನೋಣಯ್ಯ, ಇನ್ನೊಂದರದ್ದು ಮರ್ಹೂಮ, ಎಂದರೆ ದಿವಂಗತ, ನಫೀಸಮ್ಮ. ಆ ಹೆಸರುಗಳನ್ನೆಲ್ಲ ಟೈಪ್ ಮಾಡಿದವಳೂ ನಾನೇ! ಫೈಲ್ ಬರೆಯುವಾಗ ಮಾತ್ರ ಎಲ್ಲ ಕಂಪ್ಯೂಟರುಗಳ ಬಳಕೆದಾರರ ಹೆಸರೂ 'ಲ್ಯಾಬ್' ಎಂದುಕೊಂಡು ಅದೇ ಹೆಸರಿನ ಫೋಲ್ಡರಿನ ದಾರಿ ಕೊಟ್ಟಿದ್ದೆ. ನೋಣಯ್ಯನವರ ಮನೆಗೆ ಹೋಗಿ ಲ್ಯಾಬಿನ ಮನೆ ಯಾವುದೆಂದು ಕೇಳಿದರೆ ಅವರಾದರೂ ಏನು ಹೇಳಿಯಾರು?

"ತಪ್ಪು ನನ್ನದೇ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. "ಹತ್ತು ನಿಮಿಷ ಕೊಡಿ."

ಆ ಸಾಲಿನಲ್ಲಿ 'ಲ್ಯಾಬ್' ಫೋಲ್ಡರಿನ ದಾರಿಯನ್ನು ಅಳಿಸಿದೆ. ಅಲ್ಲಿ ಯೂಸರ್‌ಪ್ರೊಫೈಲ್ ಎಂಬ ವೇರಿಯಬಲ್ ಹಾಕಿದೆ. ಈಗ ಫೋಲ್ಡರ್ ಎಲ್ಲಿದೆ ಎಂದು ನಾನು ಹೇಳಬೇಕಾಗಿಲ್ಲ, ಆಯಾ ಕಂಪ್ಯೂಟರೇ ತನ್ನ ದಾರಿ ತುಂಬಿಕೊಳ್ಳುತ್ತದೆ. ಹೆಸರಿನ ನಡುವೆ ಖಾಲಿ ಜಾಗ ಬಂದರೆ ಕಂಪ್ಯೂಟರು ದಾರಿ ಅಲ್ಲಿಗೇ ಮುಗಿಯಿತು ಎಂದುಕೊಳ್ಳುತ್ತದೆ, ಅದಕ್ಕೆ ಸುತ್ತ ಉದ್ಧರಣ ಚಿಹ್ನೆ ಹಾಕುವುದನ್ನೂ ಮರೆಯಲಿಲ್ಲ. ಓಡಿಸಿದೆ. ನೋಣಯ್ಯ ಮುಗಿಯಿತು, ನಫೀಸಮ್ಮ ಮುಗಿಯಿತು. ಒಂದೂವರೆಗೆ ಮೂವತ್ತರಲ್ಲೂ ಪರೀಕ್ಷೆಯ ಪುಟ ತೆರೆದಿತ್ತು. ಆಮೇಲೆ ನೆಮ್ಮದಿಯಿಂದ ಊಟ ಮಾಡಿದೆ.

ನಾಲ್ಕು ಗಂಟೆಗೆ ಸಮಿತಿಯವರು ಲ್ಯಾಬಿಗೇ ಬಂದರು. ಅಧ್ಯಕ್ಷೆ ಶಶಿಪ್ರಭಾ ಟೀಚರ್, ನಿವೃತ್ತ ಮುಖ್ಯೋಪಾಧ್ಯಾಯಿನಿ, ಮೂವತ್ತನ್ನೂ ಒಂದೊಂದಾಗಿ ಮುಟ್ಟಿ ನೋಡಿದರು.

"ಕೆಲಸ ಆಗಿದೆ, ಸಂತೋಷ," ಎಂದರು ಸುಧಾಕರ ಸರ್. "ಆದರೆ ಕಂಪನಿಯವರಿಗೆ ಮಾತು ಕೊಟ್ಟಾಗಿದೆ. ಫಾಹಿಮಾ, ಆ ಫೈಲನ್ನು ಶೋಧನನಿಗೆ ಕೊಟ್ಟುಬಿಡಿ. ಟೀಚರ್, ನೀವು ಇಲ್ಲೊಂದು ಸಹಿ ಹಾಕಿದರೆ ಆಯಿತು."

ಅವರು ಮುಂದಿಟ್ಟ ನಿರ್ಣಯ ಪುಸ್ತಕದಲ್ಲಿ ಎಲ್ಲ ಆಗಲೇ ಬರೆದಾಗಿತ್ತು. ನಾನು ಬಗ್ಗಿ ಓದಿದೆ. 'ಲ್ಯಾಬ್ ಸಹಾಯಕಿಗೆ ತಾಂತ್ರಿಕ ಜ್ಞಾನ ಇಲ್ಲದಿರುವುದರಿಂದ' ಎಂದಿತ್ತು.

"ಇದನ್ನು ಜೋರಾಗಿ ಓದಿ ಸರ್," ಎಂದೆ.

"ಅದು ಬರೀ ಒಂದು ಫಾರ್ಮಾಲಿಟಿ..."

"ಫಾರ್ಮಾಲಿಟಿ ಆದರೆ ಓದಲಿಕ್ಕೆ ಎಂತ ಕಷ್ಟ?"

ಟೀಚರ್ ಪೆನ್ನಿನ ಮುಚ್ಚಳ ಹಾಕಿದರು. "ಓದು ಸುಧಾಕರ."

ಅವರು ಓದಿದರು.

ಟೀಚರ್ ಶೋಧನನ ಕಡೆ ತಿರುಗಿದರು. "ನೀವು ಹೇಳಿ. ಇವಳಿಗೆ ಜ್ಞಾನ ಇಲ್ಲವಾ?"

ಶೋಧನ್ ನೆಲ ನೋಡಿದ. "ಹಾಗೆ ಹೇಳಲಿಕ್ಕೆ ಆಗುವುದಿಲ್ಲ ಟೀಚರ್. ಆ ಫೈಲ್ ಬರೆಯಲಿಕ್ಕೆ ನಮ್ಮಲ್ಲಿ ಯಾರಿಗೂ ಬರುವುದಿಲ್ಲ."

"ಸರಿ, ಹಾಗಾದರೆ ಮುಂದಿನ ಸಭೆಯಲ್ಲಿ ನೋಡುವ," ಎಂದು ಸುಧಾಕರ ಸರ್ ಪುಸ್ತಕ ಮುಚ್ಚಲು ಹೋದರು. ನಾನು ಪುಟದ ಮೇಲೆ ಅಂಗೈ ಊರಿದೆ.

"ಮುಂದಿನ ಸಭೆಗೆ ಬೇಡ ಸರ್. ನಿರ್ಣಯವನ್ನೇ ಹೊಡೆದುಹಾಕಿ. ಬರೆದವರೇ ಹೊಡೆದುಹಾಕಬೇಕು."

ಅವರು ಟೀಚರ ಮುಖ ನೋಡಿದರು. ಟೀಚರ್ ತಮ್ಮ ಪೆನ್ನನ್ನೇ ಅವರ ಕಡೆ ಚಾಚಿದರು. ಅವರು ಇಡೀ ನಿರ್ಣಯದ ಮೇಲೆ ಅಡ್ಡವಾಗಿ ಒಂದು ಗೀಟು ಎಳೆದರು.

"ಪಕ್ಕದಲ್ಲಿ ನಿಮ್ಮ ಸಹಿ," ಎಂದೆ. "ಇವತ್ತಿನ ತಾರೀಕು ಕೂಡ."

ಅವರು ಎರಡನ್ನೂ ಹಾಕುವವರೆಗೆ ನಾನು ಕೈ ತೆಗೆಯಲಿಲ್ಲ.