ಅವಿಭಾಜ್ಯ ಮೀಟರು

ಜಡೆ ಊರಿನ ನಮ್ಮ ಮನೆಯ ಕರೆಂಟ್ ಮೀಟರಿನ ನಂಬರು 12345679. ನಡುವೆ ಎಂಟು ಇಲ್ಲ. ಮದುವೆಯಾಗಿ ಬಂದ ವಾರವೇ ಅದು ನನ್ನ ಕಣ್ಣಿಗೆ ಬಿತ್ತು. ಶಿಕಾರಿಪುರದಲ್ಲಿ ಬಿಎಸ್ಸಿ ಗಣಿತ ಓದಿದವಳು ನಾನು, ಸುಮ್ಮನಿರುತ್ತೇನೆಯೇ? ಎರಡು, ಮೂರು, ಐದು ಅಂತ ಮೂವತ್ತೊಂದರವರೆಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಿ, ಎಲ್ಲರೆದುರು ಜಂಬದಿಂದ ಹೇಳಿದೆ: "ಇದು ಅವಿಭಾಜ್ಯ ಸಂಖ್ಯೆ ರೀ. ಯಾವುದ್ರಿಂದ್ಲೂ ಭಾಗ ಆಗಂಗಿಲ್ಲ."

ನನ್ನ ಗಂಡ ಪ್ರದೀಪನ ಅಣ್ಣ ಬಂಗಾರಪ್ಪ ಭಾವನವರ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ನಮ್ಮ ಕಡೆ ಭಾಗ ಅಂದರೆ ಗಣಿತವಲ್ಲ, ಅಣ್ಣತಮ್ಮಂದಿರು ಪಾಲಾಗುವುದು. "ನಮ್ಮನೆ ಭಾಗ ಆಗೂದಿಲ್ಲ ಅಂತ ಮೀಟರಲ್ಲೇ ಬರ್ದದೆ. ಓದಿದ ಹುಡುಗಿ ಹೇಳಿದ್ದು" ಎಂದು ಊರಿಗೆಲ್ಲ ಸಾರಿದರು.

ಏಳು ವರ್ಷ ಆ ಮನೆಯಲ್ಲಿ ಬೆಲ್ಲ ಹಾಕಿದ ಸಾರು ಉಂಡೆ. ಸಾರು ಸಿಹಿಯಾದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ರಸ್ತೆ ಬದಿಯಲ್ಲಿ ನಮ್ಮದೇ ಎರಡು ಕೋಣೆಯ ಮನೆ ಖಾಲಿ ಬಿದ್ದಿತ್ತು. ಅಲ್ಲಿ ನನ್ನದೊಂದು ಒಲೆ ಹೂಡಬೇಕು, ಸಾರಿಗೆ ನನ್ನ ಕೈಯಾರೆ ಖಾರ ಹಾಕಬೇಕು, ಅಷ್ಟೇ ಆಸೆ. ಪ್ರದೀಪ ಆ ಮಾತು ತೆಗೆದಾಗಲೆಲ್ಲ ಭಾವ ಮೀಟರಿನ ಕಡೆ ಕೈ ತೋರಿಸುತ್ತಿದ್ದರು. ನನ್ನ ಬಾಯೇ ನನಗೆ ಮುಳುವಾಗಿತ್ತು, ಯಾರನ್ನು ಬೈಯಲಿ?

ಹೋದ ವಾರ ನಾನು ಕಲಿಸುವ ಶಾಲೆಯಲ್ಲಿ ಮಕ್ಕಳಿಗೆ ಸಂಕಲನ ಹೇಳಿಕೊಡುವಾಗ ಕೈ ತಾನಾಗಿ ಅದೇ ನಂಬರು ಬರೆಯಿತು. ಅಂಕಿಗಳನ್ನು ಕೂಡಿದರೆ ಮೂವತ್ತೇಳು. ಮೂವತ್ತೇಳರಿಂದಲೇ ಭಾಗಿಸಿದೆ. ಶೇಷ ಸೊನ್ನೆ! ವರ್ಗಮೂಲದವರೆಗೆ, ಅಂದರೆ ಸುಮಾರು ಮೂರೂವರೆ ಸಾವಿರದವರೆಗೆ ನೋಡಬೇಕಾದವಳು ಅವತ್ತು ಮೂವತ್ತೊಂದಕ್ಕೇ ಸುಸ್ತಾಗಿದ್ದೆ. ನಾಚಿಕೆಯೂ ಆಯಿತು, ಕುಣಿಯುವಷ್ಟು ಖುಷಿಯೂ ಆಯಿತು.

ಸಂಜೆ ಲೆಕ್ಕದ ಹಾಳೆ ಹಿಡಿದು ಭಾವನೆದುರು ನಿಂತೆ. "ನಂದು ತಪ್ಪಾತ್ರಿ ಭಾವ. ಆ ನಂಬರು ಮೂವತ್ತೇಳರಿಂದ ಭಾಗ ಆಗ್ತತ್ರಿ."

ಭಾವ ಅಡಕತ್ತರಿಯಿಂದ ತಲೆಯೆತ್ತಲಿಲ್ಲ. "ಗೊತ್ತು."

"ಗೊತ್ತಾ?"

"ಆವಾಗ್ಲೇ ಮೊಬೈಲಲ್ಲಿ ಒಂದೊಂದೇ ಹಾಕಿ ನೋಡಿದ್ದೆ. ಮೂವತ್ತೇಳಕ್ಕೆ ಸರಿಯಾಗಿ ಹೋಯ್ತು. ನಿನ್ನ ಮಾತಿಂದ ಮನೆ ಒಂದಾಗಿ ನಿಂತದೆ, ಯಾಕೆ ಕೆಡಿಸ್ಲಿ ಅಂತ ಸುಮ್ನಿದ್ದೆ."

ಏಳು ವರ್ಷದ ಬೆಲ್ಲವೆಲ್ಲ ಒಟ್ಟಿಗೇ ಗಂಟಲಿಗೆ ಬಂತು. ಆದರೂ ಗಣಿತ ಬಿಡಲಿಲ್ಲ. "ತನ್ನ ಅಂಕಿಗಳ ಮೊತ್ತದಿಂದ್ಲೇ ಭಾಗ ಆಗೋ ಸಂಖ್ಯೆಗೆ ಹರ್ಷದ ಸಂಖ್ಯೆ ಅಂತಾರ್ರೀ. ಅಂದ್ರೆ ಹರ್ಷ ಕೊಡೋದು."

"ಮನೆ ಭಾಗ ಆದ್ರೆ ಹರ್ಷ ಯಾರಿಗೆ?"

"ನನಗ್ರೀ ಭಾವ" ಅಂದುಬಿಟ್ಟೆ.

ಭಾವ ಅಡಕತ್ತರಿ ಕೆಳಗಿಟ್ಟರು. ಆಮೇಲೆ ಎದ್ದು ಒಳಗೆ ಹೋಗಿ, ರಸ್ತೆ ಬದಿಯ ಮನೆಯ ಬೀಗದ ಕೈ ತಂದು ನನ್ನ ಹಾಳೆಯ ಮೇಲಿಟ್ಟರು.

"ಗಂಡನ್ನ ಕಳಿಸ್ದೆ, ಲೆಕ್ಕ ತಂದೆ. ನಿನಗೆ ಬೇಕು ಅಂತ ಇವತ್ತಿನವರೆಗೆ ನೀನು ಯಾವತ್ತು ಕೇಳಿದ್ದೆ ನಯನಾ?"