ಭಾನುವಾರದ ನಕಲು

ಪೆನ್‌ಡ್ರೈವಿನಲ್ಲಿ ನಾನೂರ ಹನ್ನೆರಡು ಫೈಲುಗಳಿದ್ದವು. ಕಂಪ್ಯೂಟರ್ ರಿಪೇರಿ ಅಂಗಡಿಯ ಹೆಂಗಸು ನಾಲ್ಕೈದನ್ನು ತೆರೆದು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ಇದ್ರಲ್ಲಿ ಬರಹ ಇಲ್ಲ ಅಣ್ಣಾ. ಬರೀ ಇಂಟರ್‌ನೆಟ್ ಪುಟದ ವಿಳಾಸ ಇದೆ. ಆ ವಿಳಾಸದಲ್ಲಿದ್ದ ಬ್ಲಾಗು ಹೋದ ತಿಂಗಳೇ ಮುಚ್ಚಿಹೋಗಿದೆ."

ಪೆನ್‌ಡ್ರೈವ್ ತಂದಿದ್ದ ಕೀಲಿಕೈ ಮಾಡುವವನಿಗೆ ಮೊದಲು ಅರ್ಥವೇ ಆಗಲಿಲ್ಲ. ಮೂವತ್ತು ವರ್ಷ ಊರವರ ಕೀಲಿಕೈಗಳಿಗೆಲ್ಲ ನಕಲು ಮಾಡಿಕೊಟ್ಟ ಆಸಾಮಿ. ಅಕ್ಕನ ಬ್ಲಾಗಿಗೂ ಹಾಗೆಯೇ ನಕಲು ಮಾಡಿದ್ದ. ಎಂಟು ವರ್ಷ, ಒಂದು ಭಾನುವಾರವೂ ತಪ್ಪಿಸದೆ, ಅವಳು ಬರೆದ ಪುಟವನ್ನು ಪರದೆಯ ಮೇಲಿಂದ ಎಳೆದು ಪೆನ್‌ಡ್ರೈವಿಗೆ ಹಾಕುವುದು, ಕ್ಲಿಕ್ ಮಾಡಿ ತೆರೆಯುತ್ತದೋ ಇಲ್ಲವೋ ನೋಡುವುದು. ಪ್ರತಿ ಸಲವೂ ತೆರೆಯುತ್ತಿತ್ತು. ಆಗ ಬ್ಲಾಗು ಬದುಕಿತ್ತಲ್ಲ! ಓದುವ ಗೋಜಿಗೆ ಮಾತ್ರ ಹೋಗಿರಲಿಲ್ಲ. ಎಲ್ಲಿಗೆ ಹೋಗುತ್ತದೆ, ಆಮೇಲೆ ಓದಿದರಾಯಿತು ಎಂದುಕೊಂಡಿದ್ದ.

ಅಕ್ಕ ಶೋಕಿಗೆ ಬರೆದವಳಲ್ಲ. ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿದ ವಾರವೇ ಶುರುಮಾಡಿದ್ದಳು. ನೆನಪಿದ್ದಾಗ ನಾನು ಬರೆದಿಡುತ್ತೇನೆ, ಮರೆತ ಮೇಲೆ ನೀನು ಓದಿ ಹೇಳು ಎಂದಿದ್ದಳು. ವರ್ಷದ ಹಿಂದೆ ಅವಳಿಗೆ ಬರೆಯಲಾಗದೆ ಹೋದ ಮೇಲೆ ಅವನ ನಕಲೂ ನಿಂತಿತ್ತು. ಮೊನ್ನೆ ಅವಳು ಮೊದಲ ಸಲ ಓದಲು ಕೇಳಿದಾಗ ಒಂದೂ ತೆರೆಯಲಿಲ್ಲ. ಅದಕ್ಕೇ ಅವನು ಅಂಗಡಿಗೆ ಬಂದದ್ದು.

ಬ್ಲಾಗು ಮುಚ್ಚುತ್ತೇವೆಂದು ಕಂಪನಿಯವರು ಆರು ತಿಂಗಳು ಮೊದಲಿಂದಲೇ ಅಕ್ಕನಿಗೆ ಮೇಲ್ ಕಳಿಸುತ್ತಿದ್ದರಂತೆ. ನೋಡುವವರಾರು? ಬೇರೆಲ್ಲಾದರೂ ಉಳಿದಿದೆಯೋ ಎಂದು ಆ ಹೆಂಗಸು ಒಂದು ಗಂಟೆ ಜಾಲಾಡಿದಳು. ಎಲ್ಲೂ ಸಿಗದೆ ಪೆನ್‌ಡ್ರೈವಿನ ಧೂಳು ಒರೆಸಿ ಅವನ ಕೈಗೆ ಕೊಟ್ಟಳು.

ಸಂಜೆ ಅವನು ಅಕ್ಕನ ಮುಂದೆ ಕೂತು ಎಲ್ಲವನ್ನೂ ಹೇಳಿದ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು.

"ಮಗೂದೂ ಹೋಯ್ತೇನೋ?"

"ಹೋಯ್ತು ಅಕ್ಕ."

ಹುಟ್ಟಿದ ಆರನೇ ದಿನಕ್ಕೆ ತೀರಿಹೋದ ಅವಳ ಮಗು. ಒಂದು ಫೋಟೋ ಕೂಡ ಇರಲಿಲ್ಲ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನಿಗೆ ಕೈ ಕತ್ತರಿಸಿಕೊಳ್ಳಬೇಕೆನಿಸಿತು. ಊಟ ಇಬ್ಬರಿಗೂ ಸೇರಲಿಲ್ಲ.

ಬೆಳಗ್ಗೆ ಅವನು ಹಾಲು ತಂದು ಒಳಗೆ ಬರುವಾಗ ಅಕ್ಕ ತಲೆ ಬಾಚಿಕೊಂಡು, ಕಂಪ್ಯೂಟರಿನ ಪಕ್ಕ ತನ್ನ ಕುರ್ಚಿ ಎಳೆದುಕೊಂಡು ಕೂತಿದ್ದಳು. ಮುಖದಲ್ಲಿ ನಿನ್ನೆಯದು ಏನೂ ಇರಲಿಲ್ಲ.

"ಇವತ್ತು ಭಾನುವಾರ ಅಲ್ವೇನೋ? ಮಗೂದು ಓದು. ಕಿವಿ ಹೇಗಿತ್ತು ಅಂತ ಎಷ್ಟು ಯೋಚಿಸಿದ್ರೂ ಹೊಳೀತಿಲ್ಲ. ಪುಣ್ಯಕ್ಕೆ ನೀನು ತೆಗೆದಿಟ್ಟಿದ್ದೀಯ."

ಅವನು ಹಾಲಿನ ಪಾತ್ರೆ ಕೆಳಗಿಟ್ಟ. ನಿನ್ನೆ ಹೇಳಿದ್ದನ್ನು ಇನ್ನೊಮ್ಮೆ ಹೇಳಿದರೆ ಅವಳು ಇನ್ನೊಮ್ಮೆ ಅಳಬೇಕು. ಪೆನ್‌ಡ್ರೈವನ್ನು ಸಿಕ್ಕಿಸಿದ. ಅದರ ಸಣ್ಣ ದೀಪ ಹತ್ತಿಕೊಂಡಿತು. ಪಟ್ಟಿಯಲ್ಲಿ 'ಮಗುವಿನ ಕಿವಿ' ಎಂಬ ಹೆಸರು ಇತ್ತು. ಒತ್ತಿದ. ಪುಟ ಸಿಗಲಿಲ್ಲ ಎಂದು ಬಿಳಿಯ ಪರದೆಯ ನಡುವೆ ಒಂದು ಸಾಲು ಬಂತು.

ಅಕ್ಕ ಕಣ್ಣು ಮುಚ್ಚಿ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು.