ಬೆಳಕು ತೂರುವಷ್ಟು ತೆಳ್ಳಗೆ

ನಿಂತಿತು, ಗೋಡೆಯಾಚೆ ಟಕಟಕ ಎನ್ನುತ್ತಿದ್ದ ಅಕ್ಕನ ಹೊಲಿಗೆ ಮೆಷಿನ್ನು ಗಕ್ಕನೆ ನಿಂತಿತು, ನಿಲ್ಲದೆ ಏನು, ಅದರ ಫ್ಯೂಸು ಈಗ ನನ್ನ ಮರ ಕಡೆಯುವ ಲೇತಿಗೆ ಬಂದಿದೆ, ನನ್ನದನ್ನು ಕಿತ್ತು ಬಚ್ಚಿಟ್ಟವಳು ಅವಳೇ ತಾನೆ, ಮುಳ್ಳಿಗೆ ಮುಳ್ಳು — ಬರುತ್ತಾಳೆ ಈಗ, ಅಷ್ಟರಲ್ಲಿ ಗುಂಡಿ ಒತ್ತಬೇಕು, ಒತ್ತಿದೆ, ಮರ ತಿರುಗಿತು, ಅಬ್ಬಾ ಈ ಸದ್ದು, ಎಷ್ಟು ತಿಂಗಳಾಯಿತು ಇದನ್ನು ಕೇಳಿ, ಹಸಿ ಮರದ ವಾಸನೆ ಮೂಗಿಗೆ ಬಡಿದದ್ದೇ ತಡ ಕೈ ತಾನಾಗಿ ಉಳಿ ಹಿಡಿಯಿತು, ಕೈಗೆ ಭಯವಿಲ್ಲ, ಭಯವೆಲ್ಲ ಹೊಟ್ಟೆಯಲ್ಲಿ, ಅಲ್ಲೇ ಬಿದ್ದಿರಲಿ. ಆ ದಿನವೂ ಹೀಗೇ ತಿರುಗುತ್ತಿತ್ತು, ಮರದೊಳಗೆಲ್ಲೋ ಬಿರುಕು, ಕಾಣಲಿಲ್ಲ, ಹೂದಾನಿ ಸಿಡಿಯಿತು, ಒಂದು ಚೂರು ನೇರ ಎಡಗಣ್ಣಿಗೆ — ಆಮೇಲೆ ಆಸ್ಪತ್ರೆಯ ಹಾಸಿಗೆ, ಡಾಕ್ಟರು ಗಂಟಲು ಸರಿಮಾಡಿಕೊಂಡು, ಒಂದೇ ಕಣ್ಣಲ್ಲಿ ದೂರ ಹತ್ತಿರ ಗೊತ್ತಾಗಲ್ಲಮ್ಮ, ಈ ಕೆಲಸ ಇನ್ನು ಮರೆತುಬಿಡಿ, ಸರಿ, ಲೋಟಕ್ಕೆಂದು ಸುರಿದ ನೀರು ಮೇಜಿನ ಮೇಲೆ ಬಿದ್ದದ್ದು ನಿಜ, ನನ್ನ ಪಾತ್ರೆ ಮಾರುವ ಅಂಗಡಿಯವನಂತೂ, ಮೇಜಿನ ಕಾಲು ಮಾಡ್ಕೊಂಡಿರಿ ಮೇಡಂ, ಅದಕ್ಕೆ ಕಣ್ಣೇ ಬೇಡ — ಮೇಜಿನ ಕಾಲಂತೆ! ಅವನ ತಲೆ. ಒಳಗಿನಿಂದ ಕಡೆಯುವಾಗ ಹೊರಗೊಂದು ಬಲ್ಬು ಇಟ್ಟರೆ ಸಾಕು, ಇಟ್ಟಿದ್ದೇನೆ, ಪಾತ್ರೆಯ ಗೋಡೆ ತೆಳುವಾದಂತೆ ಬೆಳಕು ಒಳಕ್ಕೆ ತೂರುತ್ತದೆ, ಎಷ್ಟು ತೆಳುವಾಯಿತೆಂದು ಬಣ್ಣವೇ ಹೇಳುತ್ತದೆ, ಅದಕ್ಕೆ ಒಂದು ಕಣ್ಣು ಧಾರಾಳ, ಮುಖಕ್ಕೆ ಕವಚವನ್ನೂ ಹಾಕಿದ್ದೇನೆ, ನನಗಿರುವುದು ಹಠ, ಹುಚ್ಚಲ್ಲ.

ಬಂದಳು, ಬಾಗಿಲು ಗೋಡೆಗೆ ಬಡಿಯಿತು, ನನ್ನ ಫ್ಯೂಸ್ ಎಲ್ಲೇ, ನನ್ನದೆಲ್ಲಿ ಅಕ್ಕಾ ಅಂದೆ ನಾನು, ತಿರುಗಿ ನೋಡಲಿಲ್ಲ, ನಿಲ್ಸೇ ಅದನ್ನ, ಇರೋದೊಂದು ಕಣ್ಣು, ಅದೂ ಹೋದ್ರೆ ಕೈ ಹಿಡ್ಕೊಂಡು ಓಡಾಡ್ಸೋಕೆ ನಾನೇನು ನೂರು ವರ್ಷ ಇರ್ತೀನಾ, ಅವಳು ಹೇಳುವುದರಲ್ಲಿ ಸುಳ್ಳಿಲ್ಲ, ಕಣ್ಣಿಗೆ ಹನಿ ಹಾಕಿದವಳು, ತಲೆ ಬಾಚಿದವಳು, ನಾನು ಕಿರುಚಿದರೆ ತಾನೂ ಅತ್ತವಳು, ಆದರೆ ಆ ಋಣಕ್ಕೆ ನನ್ನ ಕೈ ಕಟ್ಟಿಹಾಕಬೇಕೇ — ನೀರು ಹಾಕಿದ್ರೆ ಸೋರುತ್ತೆ, ಅನ್ನ ಹಾಕಿದ್ರೆ ಅಂಟುತ್ತೆ, ಯಾವ ಸೀಮೆ ಪಾತ್ರೆನೇ ಇದು, ನೋಡೋ ಪಾತ್ರೆ ಕಣಕ್ಕ ಅಂದೆ, ನೋಡೋಕೆ ಕಣ್ಣು ಬೇಡ್ವಾ — ಅಂದುಬಿಟ್ಟಳು, ಅಂದವಳೇ ನಾಲಿಗೆ ಕಚ್ಚಿಕೊಂಡಿರಬೇಕು, ಇದೆ, ಒಂದಿದೆ, ಅಂದೆ, ಉಳಿಯನ್ನು ಇನ್ನಷ್ಟು ಒಳಕ್ಕೆ ತಳ್ಳಿದೆ. ಅವಳ ಕೈ ಸ್ವಿಚ್ಚಿನತ್ತ ಹೋದದ್ದು ಓರೆಯಲ್ಲಿ ಕಂಡಿತು, ಮುಟ್ಬೇಡ, ಉಳಿ ಒಳಗಿದೆ, ಈಗ ನಿಂತ್ರೆ ಒಡೆಯುತ್ತೆ, ಕೈ ಅಲ್ಲೇ ನಿಂತಿತು, ನಿಲ್ಲಲಿ, ಪಾತ್ರೆಯ ಗೋಡೆ ಕಪ್ಪಿನಿಂದ ಕಂದಾಗಿ, ಕಂದಿನಿಂದ ಕೆಂಪಾಗಿ, ಸುರುಳಿ ಸುರುಳಿ ಸಿಪ್ಪೆ ತೋಳ ಮೇಲೆಲ್ಲ, ಕೆಂಪೀಗ ಜೇನಿನ ಬಣ್ಣಕ್ಕೆ ಬಂತು, ಸಾಕು ಅನ್ನುತ್ತದೆ ಹೊಟ್ಟೆ, ಇನ್ನೊಂದೆಳೆ ಅನ್ನುತ್ತದೆ ಕೈ, ಒಡೆದರೆ ಒಡೆಯಲಿ, ಹೆದರಿ ದಪ್ಪ ಉಳಿಸಿದ ಪಾತ್ರೆ ನನಗೆ ಬೇಡ, ಒಂದೆಳೆ, ಮೆಲ್ಲಗೆ, ಉಸಿರು ಹಿಡಿದು — ಆಯಿತು, ನಾನೇ ನಿಲ್ಲಿಸಿದೆ, ಬೇರೆ ಯಾರೂ ಅಲ್ಲ.

ಒಡೆಯಲಿಲ್ಲ, ಲೇತಿನಿಂದ ಬಿಡಿಸಿದೆ, ಹಕ್ಕಿಯಷ್ಟು ಹಗುರ, ಅಕ್ಕ ಕೈ ಚಾಚಿದಳು, ಇಲ್ಲಿ ಕೊಡು, ನನ್ನ ಪಾತ್ರೆ ಎಂದೂ ಮುಟ್ಟದವಳು, ಬಟ್ಟೆಯ ನೇಯ್ಗೆ ನೋಡುವಂತೆ ಬಲ್ಬಿಗೆ ಹಿಡಿದಳು, ನಾಳೆಯೂ ಕಡೆಯುತ್ತೇನೆ, ನೀನು ಬಚ್ಚಿಟ್ಟಷ್ಟು ಸಲವೂ ಕದಿಯುತ್ತೇನೆ, ಹೇಳಿಬಿಡಬೇಕು ಈಗಲೇ, ಹೇಳಲು ಬಾಯಿ ತೆರೆದೆ, ಅವಳು ಪಾತ್ರೆಯೊಳಗೆ ಕೈ ಇಳಿಬಿಟ್ಟಳು — ಮರದಲ್ಲಿ ಅವಳ ಬೆರಳು, ಜೇನು ಬಣ್ಣದ ಮರದಲ್ಲಿ ನಾಲ್ಕು ಬೆರಳು, ಒಂದೊಂದೂ ಕಾಣುತ್ತಿದೆ, ಅಲ್ಲಾಡುತ್ತಿವೆ, ಬೆರಳು —